ಪಕ್ಕದ ಸೀಟಿನ ದನಿ

ಗೆದ್ದವರಿಗೆ ಕ್ರಿಸ್‌ಮಸ್‌ಗೆ ಮೊದಲೇ ಫೋನ್ ಬಂದಿರುತ್ತದೆ. ಪತ್ರಿಕೆಗಳ ಹೊಸವರ್ಷದ ಕಥಾಸ್ಪರ್ಧೆಗೆ ಕಥೆ ಕಳಿಸುವ ಎಲ್ಲರಿಗೂ ಇದು ಗೊತ್ತು. ಡಿಸೆಂಬರಿನ ಮೊದಲಲ್ಲಿ ಕಥೆಯನ್ನು ಅಂಚೆಗೆ ಹಾಕಿ, ಆಮೇಲೆ ಫೋನನ್ನು ಬಚ್ಚಲಿಗೂ ಹೊತ್ತುಕೊಂಡು ಹೋಗಿ, ವಿಮೆ ಮಾರುವವರ ಕರೆ ಬಂದರೂ ಎದೆ ಡವಗುಟ್ಟಿಸಿಕೊಂಡು, ಕ್ರಿಸ್‌ಮಸ್ ಕಳೆದ ಮೇಲೆ ಈ ವರ್ಷವೂ ಇಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಆದರೂ ಜನವರಿ ಒಂದರ ಬೆಳಿಗ್ಗೆ ಪೇಪರ್ ಕೊಳ್ಳುವುದನ್ನು ಬಿಡುವುದಿಲ್ಲ. ಗೆದ್ದ ಕಥೆಯ ಕೆಳಗೆ ತೀರ್ಪುಗಾರರ ನಾಲ್ಕು ಮಾತು ಇರುತ್ತದೆ. ಕೊನೆಯ ಸುತ್ತಿನವರೆಗೆ ಬಂದು ಬಿದ್ದುಹೋದ ಕಥೆಗಳ ಹೆಸರನ್ನೂ ಅಲ್ಲಿ ಹೇಳುತ್ತಾರೆ. ಸೋತವರು ಹುಡುಕುವುದು ಅದನ್ನೇ.

ಗು ಮಿಹ್ವಾ ಹನ್ನೊಂದು ವರ್ಷಗಳಿಂದ ಹುಡುಕುತ್ತಿದ್ದಳು. ಈ ಸಲ ಗುನ್ಸಾನ್ ಬಂದರಿನ ರಸ್ತೆಯ ಅಂಗಡಿಯಲ್ಲಿ ಪೇಪರ್ ಕೊಂಡು, ಅಲ್ಲೇ ನೂಡಲ್ಸ್ ತಿನ್ನುವ ಎತ್ತರದ ಮೇಜಿನ ಮೇಲೆ ಹರಡಿದಾಗ, ತನ್ನ ಕಥೆಯ ಹೆಸರು ಕಂಡಿತು. 'ಮಧ್ಯಾಹ್ನದ ಪಿಯಾನೊ'. ಒಂದು ಕ್ಷಣ ಅದು ಬೇರೆ ಯಾರದೋ ಕಥೆ ಅನ್ನಿಸಿತು.

ತೀರ್ಪುಗಾರರು ಬರೆದಿದ್ದರು: "'ಮಧ್ಯಾಹ್ನದ ಪಿಯಾನೊ' ಬಹಳ ಅಚ್ಚುಕಟ್ಟಾದ ಕಥೆ, ಒಂದು ಪದವನ್ನೂ ತೆಗೆಯುವಂತಿಲ್ಲ. ಆದರೆ ಮುಗಿಸಿ ಕೆಳಗಿಟ್ಟಾಗ, ಯಾರೋ ನಮ್ಮೊಡನೆ ಮಾತಾಡಿದರು ಎಂದು ಅನ್ನಿಸಲಿಲ್ಲ."

ಅವಳು ಪೇಪರನ್ನು ಮಡಚಿ ಕೋಟಿನೊಳಗೆ ಇಟ್ಟುಕೊಂಡಳು. ಹೊರಗೆ ಸಮುದ್ರದ ಕಡೆಯಿಂದ ಹಿಟ್ಟಿನಂಥ ಹಿಮ ಬೀಳುತ್ತಿತ್ತು.

ಮನೆಯಲ್ಲಿ ಅವಳ ತಾಯಿ ಹೊಸವರ್ಷದ ಅಕ್ಕಿಬಿಲ್ಲೆ ಸಾರನ್ನು ಬಟ್ಟಲಿಗೆ ಬಡಿಸುತ್ತಿದ್ದಳು.

"ಫೋನ್ ಬರಲಿಲ್ಲ ಅಂದ್ಮೇಲೆ ಪೇಪರ್ ಯಾಕೆ ತರ್ತೀಯೋ ನನಗಂತೂ ಗೊತ್ತಿಲ್ಲ," ಎಂದಳು ತಾಯಿ. "ಮದುವೆಗೆ ಕರೀದಿದ್ರೂ ಛತ್ರದ ಬಾಗಿಲಿಗೆ ಹೋಗಿ ಊಟಕ್ಕೆ ಏನು ಮಾಡಿದ್ರು ಅಂತ ಕೇಳೋರ ಹಾಗೆ."

"ಕೊನೇ ಸುತ್ತಿಗೆ ಬಂದಿತ್ತಮ್ಮ."

"ಹೌದಾ!" ತಾಯಿ ಸೌಟು ಕೆಳಗಿಟ್ಟಳು. "ಮತ್ತೆ ಮುಖ ಯಾಕೆ ಹಾಗಿದೆ? ಏನಂದ್ರು?"

"ಚೆನ್ನಾಗಿದೆ ಅಂದ್ರು."

"ಚೆನ್ನಾಗಿದ್ರೆ ಬಹುಮಾನ ಕೊಡಬೇಕಪ್ಪ. ತಿನ್ನು, ಬಿಲ್ಲೆ ಮೆತ್ತಗಾಗಿಬಿಡುತ್ತೆ."

ಮಿಹ್ವಾ ತಿಂದಳು. ನಲವತ್ತೇಳು ತುಂಬಿದ ಹೆಂಗಸು ತಾಯಿಯ ಎದುರು ಕೂತು, ತೀರ್ಪುಗಾರರ ಎರಡನೆಯ ವಾಕ್ಯವನ್ನು ಬಿಸಿ ಸಾರಿನ ಜೊತೆ ಮತ್ತೆ ಮತ್ತೆ ನುಂಗಿದಳು. ಬೈದಿದ್ದರೆ ಮರೆಯಬಹುದಿತ್ತು. ಅವರು ಬೈದಿರಲಿಲ್ಲ. ಕಥೆಯ ಬಾಗಿಲಿಗೆ ಬಂದು, ತಟ್ಟಿ, ಯಾರಾದರೂ ಇದ್ದೀರಾ ಎಂದು ಕೇಳಿ, ಸ್ವಲ್ಪ ಹೊತ್ತು ಕಾದು ಹೊರಟುಹೋಗಿದ್ದರು.

ಅವಳಿದ್ದ ಕಥಾಕೂಟ ತಿಂಗಳಿಗೆ ಎರಡು ಶನಿವಾರ ನಗರ ಗ್ರಂಥಾಲಯದ ಮೇಲಂತಸ್ತಿನ ಕೋಣೆಯಲ್ಲಿ ಸೇರುತ್ತಿತ್ತು. ಕೂಟವನ್ನು ನಡೆಸುತ್ತಿದ್ದವರು ಪ್ಯೊ ಮೇಷ್ಟ್ರು. ಎಂಬತ್ತರ ಹತ್ತಿರದವರು, ವಯಸ್ಸಿನಲ್ಲಿದ್ದಾಗ ಎರಡು ಕಥಾಸಂಕಲನ ತಂದವರು, ಕೈ ನಡುಗಿದರೂ ಕೆಂಪು ಪೆನ್ನು ಬಿಡದವರು. ಅವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರ ಕಥೆಯ ಬಗ್ಗೆ ಮಾತು ನಡೆಯುತ್ತದೋ ಅವರು ಬಾಯಿ ತೆರೆಯುವಂತಿಲ್ಲ. ಎಲ್ಲರೂ ಹೇಳುವುದನ್ನೆಲ್ಲ ಹೇಳಿ ಮುಗಿಸಬೇಕು, ಕೊನೆಗೆ ಮೇಷ್ಟ್ರು ಹೇಳಬೇಕು. ಆಮೇಲೆ ಬರೆದವರು ಎದ್ದು ನಿಂತು, ತಲೆಬಾಗಿ, "ಎಲ್ಲರಿಗೂ ಧನ್ಯವಾದ, ತಿದ್ದಿಕೊಂಡು ಬರ್ತೀನಿ" ಎನ್ನಬೇಕು. ಊರೂರಿನ ಕಥಾಕೂಟಗಳಲ್ಲೆಲ್ಲ ಹೀಗೇ. ಆದರೆ ಈ ನಿಯಮ ಮಿಹ್ವಾಳಿಗೆ ಒಗ್ಗಿದಷ್ಟು ಯಾರಿಗೂ ಒಗ್ಗಿರಲಿಲ್ಲ. ಅವಳು ಆ ಮೇಜಿನ ಮುಂದೆ ಬೇರೆ ದಿನವೂ ಹೆಚ್ಚು ಮಾತಾಡುತ್ತಿರಲಿಲ್ಲ. ಕೆಲಸ ಏನು ಎಂದು ಮೊದಲ ದಿನ ಕೇಳಿದಾಗ "ಪಾಠ ಹೇಳ್ತೀನಿ" ಎಂದಿದ್ದಳು. ಅವರು ಶಾಲೆ ಎಂದುಕೊಂಡರು. ಇವಳು ತಿದ್ದಲಿಲ್ಲ.

ಹೊಸವರ್ಷದ ಮೊದಲ ಶನಿವಾರ ಕೂಟದಲ್ಲಿ ಹಬ್ಬವೇ ಆಯಿತು. ಔಷಧದಂಗಡಿ ಮುಚ್ಚಿ ನಿವೃತ್ತನಾಗಿದ್ದ ಮಾ ಸಂಗ್‌ಗು ಕಿತ್ತಳೆ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದ.

"ಒಂದು ಪದವನ್ನೂ ತೆಗೆಯುವಂತಿಲ್ಲ!" ಎಂದು ಪೇಪರ್ ಎತ್ತಿ ಹಿಡಿದರು ಪ್ಯೊ ಮೇಷ್ಟ್ರು. "ನೋಡ್ರಪ್ಪ. ನಾಲ್ಕು ವರ್ಷ ತೆಗೆದೂ ತೆಗೆದೂ ಈ ಸ್ಥಿತಿಗೆ ಬಂತು. ಮಿಹ್ವಾ, ಕೊನೇ ಪುಟದಲ್ಲಿ ಇನ್ನೊಂದು ಸ್ವಲ್ಪ ಕೆಲಸ ಮಾಡು. ಬರೋ ಡಿಸೆಂಬರ್‌ಗೆ ಬೇರೆ ಪತ್ರಿಕೆಗೆ ಕಳಿಸೋಣ."

"ಆಗಲಿ ಮೇಷ್ಟ್ರೇ," ಎಂದಳು ಮಿಹ್ವಾ.

ಎರಡನೆಯ ವಾಕ್ಯವನ್ನು ಯಾರೂ ಓದಿ ಹೇಳಲಿಲ್ಲ. ಎಲ್ಲರೂ ಓದಿದ್ದರು ಎಂಬುದು ಅವರು ಕಿತ್ತಳೆ ಸುಲಿಯುವ ರೀತಿಯಲ್ಲೇ ತಿಳಿಯುತ್ತಿತ್ತು.

ಮನೆಗೆ ನಡೆಯುವಾಗ ಅವಳು ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟಳು. ಪಿಯಾನೊ ಕಥೆಯನ್ನು ಇನ್ನು ಮುಟ್ಟುವುದಿಲ್ಲ. ಬೇಸಿಗೆ ಬರುವುದರೊಳಗೆ ಒಂದು ಹೊಸ ಕಥೆ. ಅದರಲ್ಲಿಯೂ ಯಾರೂ ಮಾತಾಡದಿದ್ದರೆ ಬರವಣಿಗೆಯನ್ನೇ ನಿಲ್ಲಿಸಿಬಿಡುವುದು. ಬೇಜಾರಿಲ್ಲದೆ, ಯಾರಿಗೂ ಹೇಳದೆ.

ತೀರ್ಮಾನಿಸುವುದು ಸುಲಭ. ಜನವರಿಯೆಲ್ಲ ಅವಳು ಬರೆದಳು, ಹರಿದಳು. ರಾಜಧಾನಿ ಸೋಲ್‌ನ ಒಬ್ಬ ಪ್ರಾಧ್ಯಾಪಕಿ, ಅವಳ ಕಿಟಕಿ, ಕಿಟಕಿಯಾಚೆ ಒಂದು ಮರ. ಇನ್ನೊಂದರಲ್ಲಿ ಒಬ್ಬ ಚಿತ್ರಕಾರ, ಅವನಿಗೂ ಒಂದು ಕಿಟಕಿ. ಸೋಲ್‌ನಲ್ಲಿ ಅವಳು ವಾಸವಿದ್ದವಳಲ್ಲ, ಪ್ರಾಧ್ಯಾಪಕಿಯರು ಮನೆಯಲ್ಲಿ ಹೇಗಿರುತ್ತಾರೆಂದು ನೋಡಿದವಳಲ್ಲ. ಪಿಯಾನೊವನ್ನಂತೂ ಮುಟ್ಟಿಯೇ ಇರಲಿಲ್ಲ. ಸಾಹಿತ್ಯವೆಂದರೆ ತನ್ನ ಬದುಕಿನಿಂದ ಎಷ್ಟು ದೂರವೋ ಅಷ್ಟು ಶುದ್ಧ ಎಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರೋ. ಮೇಷ್ಟ್ರು ಕೂಡ ಹಾಗೆ ಹೇಳಿರಲಿಲ್ಲ. ಅವರು ಕೆಂಪು ಪೆನ್ನಿನಲ್ಲಿ ಹೊಡೆದ ಕಡೆಯೆಲ್ಲ ನೋಡಿ ಅವಳೇ ಕಲಿತುಕೊಂಡಿದ್ದಳು.

ಫೆಬ್ರುವರಿಯ ಒಂದು ಮಂಗಳವಾರ, ಊರ ಹೊರಗಿನ ಡ್ರೈವಿಂಗ್ ಶಾಲೆಯಲ್ಲಿ ಮಿಹ್ವಾ ತನ್ನ ಹಳದಿ ಕಾರಿನ ಬಲಗಡೆಯ ಸೀಟಿನಲ್ಲಿ ಕೂತಿದ್ದಳು. ಅಲ್ಲಿ ಪಾಠ ಹೇಳುವವರಿಗೂ ಒಂದು ಬ್ರೇಕ್ ಇರುತ್ತದೆ. ಹದಿನಾರು ವರ್ಷಗಳಿಂದ ಅವಳ ಬಲಗಾಲು ಅದರ ಮೇಲೇ ಇತ್ತು. ಆ ಹೊತ್ತಿಗೆ ಬರಬೇಕಾದವಳು ಬೀರುವಿನ ಲೈಸೆನ್ಸಿನವಳು. ಎಂದೋ ಲೈಸೆನ್ಸ್ ತೆಗೆದುಕೊಂಡು, ಬೀರುವಿನಲ್ಲಿಟ್ಟು, ಗಾಡಿ ಮುಟ್ಟದೆ ವರ್ಷಗಳನ್ನು ಕಳೆದು, ಈಗ ಮತ್ತೆ ಕಲಿಯಲು ಬರುವವರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು.

ಎಡಗಡೆ, ಡ್ರೈವರ್ ಸೀಟಿನ ಬಾಗಿಲು ತೆರೆದು ಒಳಗೆ ಬಗ್ಗಿದವಳು ಕಥಾಕೂಟದ ಗಾರಮ್.

ಅವಳು ಬಾಗಿಲು ಹಿಡಿದುಕೊಂಡೇ ನಿಂತಳು.

"ಅಕ್ಕ," ಎಂದಳು ಗಾರಮ್. ಕೂಟದಲ್ಲಿ ಅವಳೇ ಎಲ್ಲರಿಗಿಂತ ಚಿಕ್ಕವಳು. "ಪಾಠ ಹೇಳ್ತೀನಿ ಅಂದಿದ್ದು..."

"ಇದೇ ಪಾಠ. ಬೆಲ್ಟ್ ಹಾಕ್ಕೋ."

ಶಾಲೆಯ ಗೇಟು ದಾಟುವವರೆಗೆ ಮಿಹ್ವಾ ಗ್ರಂಥಾಲಯದ ದನಿಯಲ್ಲೇ ಮಾತಾಡಿದಳು. ಎಡಕ್ಕೆ ತಿರುಗಿಸಿ. ದಯವಿಟ್ಟು ನಿಧಾನಿಸಿ. ಬಂದರಿನ ರಸ್ತೆಗೆ ಬಂದಾಗ ಹಿಂದಿನಿಂದ ಒಂದು ಭಾರೀ ಲಾರಿ ಹಾರ್ನ್ ಹೊಡೆಯಿತು. ಗಾರಮ್ ಸ್ಟೀರಿಂಗ್ ಬಿಟ್ಟು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.

"ಅಯ್ಯೋ ನಿನ್ನ! ಕಿವಿ ಎಲ್ಲೂ ಹೋಗಲ್ಲ ಕಣೆ, ಸ್ಟೀರಿಂಗ್ ಹಿಡ್ಕೋ!" ಮಿಹ್ವಾ ಒಂದು ಕೈಯಿಂದ ಸ್ಟೀರಿಂಗ್ ಸರಿಪಡಿಸಿದಳು. "ಹಾಂ, ಹಾಗೆ. ಕೂಗಿಕೊಳ್ಲಿ ಬಿಡು, ಅವನ ಹೆಂಡತಿ ಮನೇಲಿ ಬಾಯಿ ಬಿಡೋಕೆ ಬಿಟ್ಟಿಲ್ಲ ಅನ್ಸುತ್ತೆ, ಬಂದು ನಮ್ಮ ಹಿಂದೆ ತೀರಿಸ್ಕೋತಿದಾನೆ. ಮುಂದೆ ನೋಡು. ಆ ಬಸ್ಸು ನಿನ್ನ ಮಾವನಾ? ಅಷ್ಟು ಮರ್ಯಾದೆ ಯಾಕೆ? ಹೋಗು, ಹೋಗು, ಹೋಗೇ! ಬ್ರೇಕು! ಬೆಕ್ಕಿನ ಬೆನ್ನು ಸವರಿದ ಹಾಗಲ್ಲ, ಒತ್ತು!"

ಮೀನುಕಟ್ಟೆಯ ಪಕ್ಕದ ಖಾಲಿ ಜಾಗದಲ್ಲಿ ಗಾಡಿ ನಿಂತಿತು. ಗಾರಮ್ ತಲೆಯನ್ನು ಸ್ಟೀರಿಂಗಿಗೆ ಆನಿಸಿದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದು ಮಿಹ್ವಾಳಿಗೆ ಗಾಬರಿಯಾಯಿತು. ಅವಳು ನಗುತ್ತಿದ್ದಳು.

"ಅಕ್ಕ, ನೀವು ಯಾರು?" ಎಂದಳು ಕಣ್ಣೊರೆಸಿಕೊಳ್ಳುತ್ತ. "ನಾಲ್ಕು ವರ್ಷದಿಂದ ನಿಮ್ಮ ಎದುರಿಗೆ ಕೂರ್ತಿದೀನಿ. ನಿಮ್ಮ ಬಾಯಿಂದ ಒಟ್ಟು ಇಷ್ಟು ಮಾತು ಕೇಳಿಲ್ಲ."

"ಇದು ಕೆಲಸದ ಮಾತು."

"ಆ ಲಾರಿಯವನ ಹೆಂಡತಿ ಕೆಲಸದ ಮಾತಾ?" ಗಾರಮ್ ಅವಳ ಕಡೆ ತಿರುಗಿದಳು. "ಬೇಜಾರು ಮಾಡ್ಕೋಬೇಡಿ. ನಿಮ್ಮ ಪಿಯಾನೊ ಕಥೆ ನಾನು ನಾಲ್ಕು ಸಲ ಓದಿದೀನಿ, ಅದರಲ್ಲಿರೋ ಮನುಷ್ಯನ ಮುಖ ನನಗೆ ಇವತ್ತಿಗೂ ಕಾಣಿಸಿಲ್ಲ. ಆ ಲಾರಿ ಡ್ರೈವರ್ ಹೆಂಡತೀನ ಈಗ ನೋಡಿಬಿಟ್ಟೆ. ಕೈಯಲ್ಲಿ ಸೌಟು ಹಿಡ್ಕೊಂಡು ನಿಂತಿದಾಳೆ."

ಮಿಹ್ವಾ ಗಾಜಿನಾಚೆ ನೋಡಿದಳು. ಕಟ್ಟೆಯ ಮೇಲೆ ಸಮುದ್ರಹಕ್ಕಿಗಳು ಹರಿದ ಬಲೆಯೊಂದನ್ನು ಎಳೆದಾಡುತ್ತಿದ್ದವು. ತೀರ್ಪುಗಾರರ ಮಾತು ಓದಿದಾಗ ಆಗಿದ್ದ ನೋವು ಈಗ ಮತ್ತೆ ಆಯಿತು. ಆದರೆ ಈಗ ಅದರಲ್ಲಿ ಸ್ವಲ್ಪ ನಾಚಿಕೆ, ಸ್ವಲ್ಪ ಆಸೆ ಬೆರೆತಿತ್ತು.

"ಕೂಟದಲ್ಲಿ ಹೇಳ್ಬೇಡ," ಎಂದಳು.

"ನಿಮ್ಮ ಗುಟ್ಟು, ನೀವೇ ಹೇಳಿ," ಎಂದಳು ಗಾರಮ್. "ಈಗ ಹಿಂದಕ್ಕೆ ತೆಗಿಯೋದು ಹೇಗೆ ಅಂತ ತೋರಿಸ್ತೀರಾ, ಇಲ್ಲಾ ಸಮುದ್ರಕ್ಕೆ ಬೀಳ್ಲಾ?"

ಮಾರನೆಯ ದಿನ ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋದಾಗ ಮಿಹ್ವಾ ಕಾರಿನಲ್ಲೇ ಉಳಿದಳು. ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಪೆನ್ನು ಹಿಡಿದಳು. ಪೆನ್ನು ಹಿಡಿದ ಕೂಡಲೆ ಆ ಹಳೆಯ ಕಿಟಕಿ, ಆ ಮರ. ಪೆನ್ನನ್ನು ಕೆಳಗಿಟ್ಟಳು. ಫೋನಿನಲ್ಲಿ ರೆಕಾರ್ಡರ್ ಒತ್ತಿ, ಅದನ್ನು ಎದುರಿಗೆ ನಿಲ್ಲಿಸಿ, ಡ್ರೈವರ್ ಸೀಟಿನ ಕಡೆ ತಿರುಗಿದಳು. ಅಲ್ಲಿ ಯಾರಿರಬೇಕು?

ಎಷ್ಟೋ ಜನ ಕೂತು ಎದ್ದುಹೋಗಿದ್ದ ಸೀಟು ಅದು. ಅವರಲ್ಲಿ ಯಾರನ್ನೂ ಅವಳು ಕರೆಯಲಿಲ್ಲ. ಕಾದಳು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಮುದುಕಿ ಬಂದು ಕೂತಳು. ದಪ್ಪ ರಬ್ಬರ್ ಬೂಟು, ಮೀನಿನ ವಾಸನೆ, ಹೆಸರು ಬೊಕ್‌ಸಿಲ್. ಗಂಡ ಸತ್ತಿದ್ದಾನೆ, ಅವನ ಸಣ್ಣ ಲಾರಿ ಅಂಗಳದಲ್ಲಿ ನಿಂತಿದೆ. ಅವನಿದ್ದಾಗ ಅವಳಿಗೆ ಅದರ ಬಾಗಿಲು ಮುಟ್ಟುವ ಹಕ್ಕೂ ಇರಲಿಲ್ಲ.

"ಬೂಟು ಹಾಕ್ಕೊಂಡು ಗಾಡಿ ಓಡಿಸೋಕಾಗಲ್ಲ ಅಜ್ಜಿ," ಎಂದಳು ಮಿಹ್ವಾ ಖಾಲಿ ಸೀಟಿಗೆ.

ಮುದುಕಿಯ ಉತ್ತರವೂ ಅವಳ ಬಾಯಿಂದಲೇ ಬಂತು: "ನಲವತ್ತು ವರ್ಷ ಈ ಬೂಟಲ್ಲೇ ಅವನ್ನ ಸಹಿಸ್ಕೊಂಡೆ, ಇದೊಂದು ಪೆಡಲ್ ಒತ್ತೋಕಾಗಲ್ವಾ?"

ಮಿಹ್ವಾ ಬಾಯಿ ಮುಚ್ಚಿಕೊಂಡು ಆಚೆ ಈಚೆ ನೋಡಿದಳು. ಆಮೇಲೆ ಮುಂದುವರಿಸಿದಳು.

ಹೀಗೆ ದಿನಾ ಮಧ್ಯಾಹ್ನ ನಡೆಯಿತು. ಅವಳು ಬೈದಳು, ಮುದುಕಿ ತಿರುಗಿ ಬೈದಳು. ಒಮ್ಮೆ ಶಾಲೆಯ ಮೇಲ್ವಿಚಾರಕ ಬಾಂಗ್ ಹಲ್ಲುಕಡ್ಡಿ ಕಚ್ಚಿಕೊಂಡು ಗಾಜು ತಟ್ಟಿದ.

"ಗು ಮೇಡಂ, ಒಳಗೆ ಯಾರಿಗೆ ಉಗೀತಿದೀರಾ?"

"ಅಭ್ಯಾಸ ಮಾಡ್ತಿದೀನಿ ಸಾರ್."

"ನಿಮಗೂ ಅಭ್ಯಾಸ ಬೇಕಾ? ನಿಮ್ಮ ಬೈಗುಳಕ್ಕೆ ಹೆದರಿ ಇಬ್ಬರು ಆಗ್ಲೇ ಪಾಸಾಗ್ಬಿಟ್ರು!"

ಸಂಜೆ ಮನೆಯಲ್ಲಿ ರೆಕಾರ್ಡ್ ಆದದ್ದನ್ನು ಕೇಳಿ ಹಾಳೆಗೆ ಇಳಿಸುತ್ತಿದ್ದಳು. ಮಾತಿಗಿಂತ ಹೆಚ್ಚಾಗಿ ನಡುನಡುವಿನ ಮೌನಗಳು ಅವಳನ್ನು ಹಿಡಿದು ನಿಲ್ಲಿಸಿದವು. ಮುದುಕಿ ಒಂದು ಮಾತಿಗೆ ಉತ್ತರ ಕೊಡದೆ ಇದ್ದುಬಿಟ್ಟಾಗ ಕಾರಿನೊಳಗೆ ಏನೋ ನಡೆಯುತ್ತಿತ್ತು. ಪಿಯಾನೊ ಕಥೆಯಲ್ಲಿ ಎಲ್ಲೆಲ್ಲೂ ಮೌನವಿತ್ತು, ಆದರೆ ಆಡಬೇಕಾದ ಮಾತೇ ಅಲ್ಲಿ ಯಾರಿಗೂ ಇರಲಿಲ್ಲ. ಇಲ್ಲಿ ಮುದುಕಿ ಗಂಟಲವರೆಗೆ ಬಂದದ್ದನ್ನು ನುಂಗುತ್ತಿದ್ದಳು, ಪಕ್ಕದಲ್ಲಿದ್ದವಳಿಗೆ ಅದು ಕೇಳಿಸುತ್ತಿತ್ತು.

ಒಂದು ದಿನ ಕಥೆ ಇಳಿಜಾರಿಗೆ ಬಂದು ನಿಂತಿತು. ಮುದುಕಿ ಗಾಡಿಯನ್ನು ಬಂದರಿನ ಇಳಿಜಾರಿನಲ್ಲಿ ಬಿಟ್ಟಿದ್ದಾಳೆ, ಕೆಳಗೆ ನೀರು. ಪಾಠ ಹೇಳುವವಳು ಬ್ರೇಕ್ ಒತ್ತಬೇಕು. ಅವಳು ಯಾವಾಗಲೂ ಒತ್ತುತ್ತಾಳೆ, ಬೇಕಾಗುವುದಕ್ಕಿಂತ ಮುಂಚೆಯೇ. ಕಾರಿನಲ್ಲಿ ಕೂತ ಮಿಹ್ವಾಳ ಕಾಲು ತಾನಾಗಿ ಬಿಗಿಯಿತು. ಅವಳು ಕಾಲನ್ನು ಬ್ರೇಕಿನಿಂದ ಎತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮುಂದೇನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕಥೆ ಬರೆಯುವಾಗ ಮುಂದಿನದು ಅವಳಿಗೆ ಗೊತ್ತಿಲ್ಲದ್ದು ಅದೇ ಮೊದಲು.

ನೀರಿನ ಅಂಚಿನಲ್ಲಿ ಮುದುಕಿ ತಾನೇ ಗಾಡಿ ನಿಲ್ಲಿಸಿದಳು. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಏಪ್ರಿಲಿನ ಕಥಾಕೂಟಕ್ಕೆ ಮಿಹ್ವಾ ಈ ಕಥೆಯನ್ನು ಮೊದಲೇ ಎಲ್ಲರಿಗೂ ಕಳಿಸಿದ್ದಳು. ಅವಳು ಕೋಣೆಗೆ ಬಂದಾಗ ಪ್ಯೊ ಮೇಷ್ಟ್ರು ತಲೆಯೆತ್ತಲಿಲ್ಲ. ಅವರ ಮುಂದಿದ್ದ ಪ್ರತಿಯ ಮೊದಲ ಪುಟವೇ ಕೆಂಪಾಗಿತ್ತು. ಮಿಹ್ವಾ ತನ್ನ ಜಾಗದಲ್ಲಿ ಕೂತು ನಿಯಮದಂತೆ ಬಾಯಿ ಮುಚ್ಚಿಕೊಂಡಳು.

ಮೊದಲು ಮಾ ಸಂಗ್‌ಗು ಮಾತಾಡಿದ. "ಇದನ್ನ ಮಿಹ್ವಾ ಅವರೇ ಬರೆದಿದ್ದಾ ಅಂತ ನನಗೆ ಮೊದಲು ಅನುಮಾನ. ಮೂರನೇ ಪುಟ ಸ್ವಲ್ಪ ಜಗ್ಗುತ್ತೆ. ಆಮೇಲೆ ಈ ಬೈಗುಳ... ಅಂದ್ರೆ, ನಮ್ಮ ಕೂಟದಲ್ಲಿ ಇಂಥದ್ದು ಬಂದಿರಲಿಲ್ಲ."

ಇನ್ನಿಬ್ಬರೂ ಹಾಗೆಯೇ ಸುತ್ತಿ ಬಳಸಿ ಮಾತಾಡಿದರು, ಮೇಷ್ಟ್ರ ಮುಖ ನೋಡಿಕೊಂಡು. ಗಾರಮ್ ಮಾತ್ರ, "ನನಗೆ ಇಷ್ಟ ಆಯ್ತು. ಯಾಕೆ ಅಂತ ಹೇಳಿದ್ರೆ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತೆ," ಎಂದು ಕೂತುಬಿಟ್ಟಳು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

"ಇದು ಮಾತು, ಕಥೆಯಲ್ಲ," ಎಂದರು. "ಮೀನುಕಟ್ಟೆ ಹತ್ರ ನಿಂತ್ರೆ ಪುಗಸಟ್ಟೆ ಕೇಳಿಸೋ ಮಾತು. ಹನ್ನೊಂದು ವರ್ಷ ನಾವು ಇಲ್ಲಿ ಕಲಿತದ್ದು ಇದನ್ನೇನು? ಓದಿ ತೋರಿಸ್ತೀನಿ, ನೀವೇ ಹೇಳಿ." ಅವರು ಪುಟ ತಿರುವಿ, ಬೇಕೆಂದೇ ಸಪ್ಪೆ ದನಿಯಲ್ಲಿ ಓದಿದರು. "'ಅಜ್ಜಿ, ಎಡಕ್ಕೆ ತಿರುಗೋಕೆ ಮುಂಚೆ ಇಂಡಿಕೇಟರ್ ಹಾಕ್ಬೇಕು.' 'ನಾನು ಎಲ್ಲಿಗೆ ತಿರುಗ್ತೀನಿ ಅಂತ ಊರಿಗೆಲ್ಲ ಯಾಕೆ ಹೇಳ್ಬೇಕು? ನನ್ನ ಗಂಡ ಎಲ್ಲೆಲ್ಲಿಗೆ ತಿರುಗ್ತಿದ್ದ ಅಂತ ನನಗೇ ಹೇಳ್ಲಿಲ್ಲ.'"

ಮಾ ಸಂಗ್‌ಗುವಿನಿಂದ ಒಂದು ಸದ್ದು ಹೊರಟಿತು. ಅವನು ಅದನ್ನು ಕೆಮ್ಮು ಮಾಡಲು ನೋಡಿದ, ಆಗಲಿಲ್ಲ. ಉಳಿದವರೂ ನಕ್ಕರು. ಮೇಷ್ಟ್ರು ಹುಬ್ಬು ಗಂಟಿಕ್ಕಿ ಮುಂದಿನದನ್ನು ಓದಿದರು, ಅದರ ಮುಂದಿನದನ್ನೂ. ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ, ಆದರೆ ಅವರ ದನಿ ಸಪ್ಪೆಯಾಗಿ ಉಳಿಯಲಿಲ್ಲ. ಈ ಕರಾವಳಿಯ ಹೆಂಗಸರು ಮಾತಿನ ಕೊನೆಯನ್ನು ಎಳೆಯುವ ಹಾಗೆ ಎಳೆಯತೊಡಗಿದರು. ಅವರೂ ಇದೇ ಊರಿನವರು. ಇಳಿಜಾರಿನ ಭಾಗಕ್ಕೆ ಬಂದಾಗ ನಗು ನಿಂತಿತು. ಗಾಡಿ ನೀರಿನ ಅಂಚಿನಲ್ಲಿ ನಿಂತು ಮುದುಕಿ ಸುಮ್ಮನಾದಾಗ ಮೇಷ್ಟ್ರೂ ಸುಮ್ಮನಾದರು. ಕೆಳಗಿನ ಅಂಗಳದಲ್ಲಿ ಮಕ್ಕಳು ಕೂಗಾಡುವುದು ಕೇಳಿಸುತ್ತಿತ್ತು.

ಅವರು ಪುಟವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ನನ್ನ ಅಭಿಪ್ರಾಯ ಬದಲಾಗಿಲ್ಲ," ಎಂದರು. "ಬೈಗುಳ ಎಲ್ಲ ತೆಗೆದು, ಇಳಿಜಾರಿನ ಹತ್ರ ಶುರು ಮಾಡಿ ಅಲ್ಲೇ ಮುಗಿಸಿದ್ರೆ ನಾಲ್ಕು ಪುಟದ ಒಳ್ಳೇ ಕಥೆ ಆಗುತ್ತೆ. ಮಿಹ್ವಾ, ಹೇಳಮ್ಮ."

ಮಿಹ್ವಾ ಎದ್ದು ನಿಂತಳು. ತಲೆಬಾಗಿದಳು. ಹನ್ನೊಂದು ವರ್ಷ ಹೇಳಿದ ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅದನ್ನು ಹೇಳಿದರೆ ಮೇಷ್ಟ್ರಿಗೆ ಸಮಾಧಾನವಾಗುತ್ತದೆ, ಎಲ್ಲರೂ ಕೂಟ ಮುಗಿದಾಗಿನ ರೂಢಿಯಂತೆ ಸೂಪು ಕುಡಿಯಲು ಹೋಗುತ್ತಾರೆ, ಬೊಕ್‌ಸಿಲ್ ಬೂಟು ಕಳಚಿಟ್ಟು ಕಿಟಕಿಯ ಪಕ್ಕ ಕೂರುತ್ತಾಳೆ.

"ಎಲ್ಲರಿಗೂ ಧನ್ಯವಾದ," ಎಂದಳು. "ಮೂರನೇ ಪುಟ ಜಗ್ಗೋದು ನಿಜ, ತಿದ್ತೀನಿ. ಬೈಗುಳ ತೆಗೆಯಲ್ಲ."

ಮಾ ಸಂಗ್‌ಗು ಮೇಷ್ಟ್ರ ಕಡೆ ನೋಡಿದ.

"ಮೇಷ್ಟ್ರೇ, ನಾನು ಸ್ಕೂಲ್ ಟೀಚರಲ್ಲ. ಡ್ರೈವಿಂಗ್ ಹೇಳಿಕೊಡ್ತೀನಿ. ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಹೀಗೇ ಮಾತಾಡ್ತೀನಿ. ಇಲ್ಲಿಗೆ ಬರುವಾಗ ಮಾತ್ರ ಆ ದನೀನ ಕಾರಲ್ಲೇ ಬಿಟ್ಟು ಬರ್ತಿದ್ದೆ. ನೀವು ಕಲಿಸಿದ್ದೂ ಇದರಲ್ಲಿದೆ. ಇಳಿಜಾರಿನಲ್ಲಿ ಮುದುಕಿ ಸುಮ್ಮನಾಗ್ತಾಳಲ್ಲ, ಅದು ನಿಮ್ಮಿಂದ ಬಂದದ್ದು. ಆದ್ರೆ ಅವಳು ಅಲ್ಲೀವರೆಗೆ ಅಷ್ಟು ಕೂಗಾಡದಿದ್ರೆ, ಅವಳು ಸುಮ್ಮನಾಗಿದ್ದು ಯಾರಿಗೆ ಗೊತ್ತಾಗ್ತಿತ್ತು?"

ಅವಳು ಕೂತಳು. ಇನ್ನು ಮುಂದಿನ ಶನಿವಾರಗಳಿಗೆ ಇಲ್ಲಿ ಜಾಗವಿಲ್ಲದಿರಬಹುದು ಎಂದುಕೊಂಡಳು. ಹಾಗೆಂದುಕೊಂಡಾಗ ನೋವಾಯಿತು, ಆದರೆ ಕಥೆಯ ಬಗ್ಗೆ ಹೇಳಿದ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕೆನ್ನಿಸಲಿಲ್ಲ.

ಪ್ಯೊ ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳವನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು.

"ನನಗೆ ಒಪ್ಪಿಗೆಯಿಲ್ಲ," ಎಂದರು ಕೊನೆಗೆ. "ಬರೆದವಳು ನೀನು, ನಿನ್ನಿಷ್ಟ." ಆಮೇಲೆ ಪುಟಗಳ ಕಡೆಗೇ ನೋಡುತ್ತ ಕೇಳಿದರು: "ಆ ಲಾರೀನ ಏನ್ಮಾಡ್ತಾಳೆ? ಮಾರಿಬಿಡ್ತಾಳಾ?"

"ಗೊತ್ತಿಲ್ಲ ಮೇಷ್ಟ್ರೇ."

"ಗೊತ್ತಿಲ್ಲ ಅಂದ್ರೆ?"

"ಮಾರ್ಬೇಕು," ಎಂದ ಮಾ ಸಂಗ್‌ಗು. "ಆ ಗಂಡನ ಗಾಡಿ ಇಟ್ಕೊಂಡು ಏನ್ಮಾಡ್ತಾಳೆ? ಹೊಸದು ತಗೊಳ್ಲಿ."

"ಯಾಕ್ರೀ ಮಾರ್ಬೇಕು?" ಗಾರಮ್ ಕುರ್ಚಿ ಮುಂದಕ್ಕೆಳೆದಳು. "ಅದೇ ಗಾಡೀಲಿ, ಅದೇ ಬೂಟು ಹಾಕ್ಕೊಂಡು ಊರು ಸುತ್ತಬೇಕು. ಅವನ ಗೋರಿ ಮುಂದೆ ನಿಲ್ಲಿಸಿ ಹಾರ್ನ್ ಹೊಡೀಬೇಕು."

"ಗೋರಿ ಮುಂದೆ ಹಾರ್ನಾ? ಮರ್ಯಾದೆ ಬೇಡ್ವಾ ಹುಡುಗಿ?"

"ಸುಮ್ನಿರಿ ಇಬ್ಬರೂ," ಎಂದರು ಮೇಷ್ಟ್ರು. "ಮೊದಲು ಪರೀಕ್ಷೆ ಪಾಸಾಗಲಿ. ಆ ಬೂಟಲ್ಲಿ ಯಾರು ಪಾಸ್ ಮಾಡ್ತಾರೆ ಅವಳನ್ನ?"

"ನಾನು ಮಾಡ್ತೀನಿ," ಎಂದಳು ಮಿಹ್ವಾ, ಸ್ವಲ್ಪ ಜೋರಾಗಿಯೇ.